ನೂರಕ್ಕೆ ಒಂದು: ಹೋಟಗಿ ಜಂಕ್ಶನ್ನಿನ ಮಾದರಿ

ಸೊಲ್ಲಾಪುರದಿಂದ ವಿಜಾಪುರಕ್ಕೆ ಹೋಗಲು ಎರಡು ದಾರಿಗಳುಂಟು. ಒಂದು, ನಮಗೆಲ್ಲ ಪರಿಚಯದ ವಿಜಾಪುರ ರಸ್ತೆ. ಅದು ಟಾಕಳಿಯ ಬಳಿ ಭೀಮಾ ನದಿಯನ್ನು ದಾಟಿ, ಸುಮಾರು 100 ಕಿಲೋಮೀಟರಿನಲ್ಲಿ ವಿಜಾಪುರವನ್ನು ಮುಟ್ಟುತ್ತದೆ. ಇನ್ನೊಂದು ರೈಲು ದಾರಿ. ಅದು ನೇರವಾಗಿ ಹೋಗುವದಿಲ್ಲ. ಮೊದಲು ಆಗ್ನೇಯಕ್ಕೆ ಹೊರಟು ಹೋಟಗಿಯನ್ನು ಸೇರಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಇಂಡಿ ರೋಡ್, ನಿಂಬಾಳ, ಮಿಂಚನಾಳಗಳ ಮೇಲಿಂದ ವಿಜಾಪುರಕ್ಕೆ ಹೋಗುತ್ತದೆ. ಈ ತಿರುವಿನಲ್ಲಿರುವ ಹೋಟಗಿ ಜಂಕ್ಶನ್ನನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ ಮೇಜಿನ ಮೇಲೆ ಕಟ್ಟುವದು ಹೇಗೆಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಇದು ಆಟಿಗೆಯ ಕೆಲಸವೆಂದು ಯಾರೂ ತಿಳಿಯಬಾರದು. ಅಂಗಡಿಯಲ್ಲಿ ಸಿಗುವ ಆಟಿಗೆಯ ರೈಲು ಯಾವ ಊರಿನದೂ ಅಲ್ಲ. ಒಂದು ನಿಜವಾದ ನಿಲ್ದಾಣದ ಮಾದರಿಯನ್ನು ಮಾಡಹೊರಟರೆ ಗಣಿತ, ವಿಜ್ಞಾನ, ಭೂಗೋಲ, ಇತಿಹಾಸ ಈ ನಾಲ್ಕೂ ವಿಷಯಗಳು ಒಂದೇ ಮೇಜಿನ ಮೇಲೆ ಕೂಡಿ ಬರುತ್ತವೆ.

ಹೋಟಗಿಯನ್ನೇ ಏಕೆ ಆರಿಸಬೇಕು?

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. 1871ರಲ್ಲಿ ಅದು ರಾಯಚೂರಿನವರೆಗೆ ಬೆಳೆದು, ಮದ್ರಾಸಿನಿಂದ ಬಂದ ಹಳಿಯನ್ನು ಕೂಡಿತು. ಇದು ಬ್ರಾಡ್ ಗೇಜ್ ಹಳಿ. ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರು, ಅಂದರೆ ಐದೂವರೆ ಅಡಿ.

ಮುಂದೆ 1876ರಿಂದ 1878ರ ವರೆಗೆ ನಮ್ಮ ಈ ಸೀಮೆಯಲ್ಲಿ ಭೀಕರ ಬರಗಾಲ ಬಿದ್ದಿತು. ಬೇರೆಡೆಯ ಧಾನ್ಯವನ್ನು ಹಸಿದವರ ಊರಿಗೆ ಬೇಗ ಮುಟ್ಟಿಸುವ ಸಾಧನವೇ ಇಲ್ಲದುದು ಆ ಸಂಕಟವನ್ನು ಹೆಚ್ಚಿಸಿತು. ಆದ್ದರಿಂದ ಬರಗಾಲದ ಸೀಮೆಗಳಲ್ಲಿ ರೈಲು ಹಾಕಬೇಕೆಂಬ ವಿಚಾರ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು. ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲಿಂದ ಗದಗದವರೆಗೆ ಅದು ಹಾಕಿದ ದಾರಿ 1884ರಲ್ಲಿ ತೆರೆಯಿತು. ಆದರೆ ಖರ್ಚು ಕಡಿಮೆಯಾಗಲೆಂದು ಇದನ್ನು ಮೀಟರ್ ಗೇಜಿನಲ್ಲಿ ಹಾಕಿದರು. ಇದರ ಹಳಿಗಳ ಅಂತರ ಸರಿಯಾಗಿ 1,000 ಮಿಲಿಮೀಟರು. ಮರುವರ್ಷ, 1885ರಲ್ಲಿ, ಜಿಲ್ಲೆಯ ಮುಖ್ಯ ಠಾಣೆಯು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು.

ಹೀಗೆ ಹೋಟಗಿಯಲ್ಲಿ ಅಗಲ ಬೇರೆಯಾದ ಎರಡು ಹಳಿಗಳು ಎದುರುಬದುರಾದವು. ವ್ಯತ್ಯಾಸ ಬರೀ 67.6 ಸೆಂಟಿಮೀಟರು. ಆದರೆ ಒಂದು ಹಳಿಯ ಗಾಡಿ ಇನ್ನೊಂದರ ಮೇಲೆ ಓಡಲಾರದು. ಜನರು ಇಳಿದು ಬೇರೆ ಗಾಡಿ ಹತ್ತಬೇಕು. ಮಾಲಾದರೆ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಮುಂದೆ ಮೀಟರ್ ಗೇಜಿನ ಗಾಡಿಗಳು ಸೊಲ್ಲಾಪುರದವರೆಗೂ ಬರತೊಡಗಿದವಾದರೂ ಎರಡು ಅಗಲಗಳ ತೊಡಕು ತೊಡಕಾಗಿಯೇ ಉಳಿಯಿತು.

1992ರಲ್ಲಿ ರೈಲ್ವೆಯವರು ದೇಶದಲ್ಲಿ ಸಾಧ್ಯವಿದ್ದಲ್ಲೆಲ್ಲ ಒಂದೇ ಗೇಜು ಇರಬೇಕೆಂಬ ಯೋಜನೆಯನ್ನು ಕೈಗೊಂಡರು. ಹೋಟಗಿ-ಗದಗ ದಾರಿಯನ್ನೂ ಹಂತಹಂತವಾಗಿ ಬದಲಿಸಿ, 2008ರಲ್ಲಿ ಪೂರ್ತಿ ಬ್ರಾಡ್ ಗೇಜ್ ಮಾಡಿದರು. ಈಗ ಹೋಟಗಿಗೆ ಹೋದರೆ ಮೀಟರ್ ಗೇಜ್ ಹಳಿ ಕಾಣುವದಿಲ್ಲ. ಇಂದಿನ ವಿದ್ಯಾರ್ಥಿಗಳು ಅದನ್ನು ನೋಡಿಯೇ ಇಲ್ಲ. ಆದ್ದರಿಂದಲೇ ಅದರ ಮಾದರಿ ಮಾಡಬೇಕು.

ಯಾವ ವರ್ಷದ ಹೋಟಗಿ?

ಮಾದರಿ ಮಾಡುವವನು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆ ಇದು. ನಿಲ್ದಾಣವು ಪ್ರತಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಿರುತ್ತದೆ. ಒಂದು ಕಾಲದ ಸಿಗ್ನಲ್ ಕಂಬ, ಇನ್ನೊಂದು ಕಾಲದ ಎಂಜಿನ್ನು, ಮತ್ತೊಂದು ಕಾಲದ ಫಲಕ ಇವನ್ನು ಕೂಡಿಸಿದರೆ ಅದು ಯಾವ ಹೋಟಗಿಯೂ ಆಗುವದಿಲ್ಲ.

ನಾವು 1980ನ್ನು ಆರಿಸುತ್ತೇವೆ. ಆಗ ಎರಡೂ ಗೇಜುಗಳಿದ್ದವು. ದೇಶದಲ್ಲಿ ಉಗಿ ಎಂಜಿನ್ನುಗಳು ಇನ್ನೂ ಓಡುತ್ತಿದ್ದವು. ಎಂಜಿನ್ನಿನ ಹೆಸರಿನಲ್ಲಿ ‘ಡಬ್ಲ್ಯೂ’ ಇದ್ದರೆ ಬ್ರಾಡ್ ಗೇಜಿನದು, ‘ವೈ’ ಇದ್ದರೆ ಮೀಟರ್ ಗೇಜಿನದು. ಮುಂದಿನ ಅಕ್ಷರ ‘ಪಿ’ ಆದರೆ ಪ್ರವಾಸಿ ಗಾಡಿಗೆ, ‘ಜಿ’ ಆದರೆ ಮಾಲುಗಾಡಿಗೆ. ಈ ಲೆಕ್ಕದಲ್ಲಿ ‘ವೈ.ಪಿ.’ ಎಂದರೇನೆಂಬುದನ್ನು ನೀವೇ ಹೇಳಬಲ್ಲಿರಿ. ಆಗಿನ ಸಾಮಾನ್ಯ ಡಬ್ಬಿಗಳ ಬಣ್ಣ ಕೆಂಗಂದು. ನೀಲಿ ಡಬ್ಬಿಗಳು ಎಲ್ಲೆಡೆಗೆ ಬಂದದ್ದು 1990ರ ನಂತರ.

ಪ್ರಮಾಣ ಗೊತ್ತುಮಾಡುವದು

ಹೊರದೇಶಗಳಲ್ಲಿ ರೈಲು ಮಾದರಿಗಳನ್ನು ಹೆಚ್ಚಾಗಿ ‘ಎಚ್.ಓ.’ ಎಂಬ ಪ್ರಮಾಣದಲ್ಲಿ, ಅಂದರೆ 87ಕ್ಕೆ 1ರಂತೆ ಮಾಡುತ್ತಾರೆ. ಅದರ ಹಳಿಗಳ ಅಂತರ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿರಿ: ಸುಮಾರು 1,435 ಮಿ.ಮೀ. ಬರುತ್ತದೆ. ಇದು ಯುರೋಪು ಅಮೇರಿಕೆಗಳ ಹಳಿಯ ಅಗಲ, ನಮ್ಮದಲ್ಲ. ನಮ್ಮ ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರಬೇಕು. ಅಂಗಡಿಯ ಹಳಿಯ ಮೇಲೆ ಅದೇ ಪ್ರಮಾಣದ ನಮ್ಮ ಡಬ್ಬಿಯನ್ನಿಟ್ಟರೆ ಹಳಿ ಕಿರಿದಾಗಿಬಿಡುತ್ತದೆ.

ಅದಕ್ಕಾಗಿ ನಾವು 100ಕ್ಕೆ 1 ಪ್ರಮಾಣವನ್ನು ಹಿಡಿಯುತ್ತೇವೆ. ಇದರಲ್ಲಿ ಎರಡು ಲಾಭಗಳಿವೆ. ಒಂದು, ಲೆಕ್ಕ ಸುಲಭ: ನಿಜದ 1 ಮೀಟರು ಮಾದರಿಯಲ್ಲಿ 1 ಸೆಂಟಿಮೀಟರು. ಎರಡು, ಬ್ರಾಡ್ ಗೇಜ್ 16.76 ಮಿ.ಮೀ. ಆಗುತ್ತದೆ, ಅಂಗಡಿಯ 16.5 ಮಿ.ಮೀ. ಹಳಿಗೂ ಇದಕ್ಕೂ ಕಾಲು ಮಿಲಿಮೀಟರಿನಷ್ಟೇ ಅಂತರ. ಮೀಟರ್ ಗೇಜಂತೂ ಸರಿಯಾಗಿ 10 ಮಿ.ಮೀ.; ಅದನ್ನು ಕೈಯಿಂದಲೇ ಮಾಡಿಕೊಳ್ಳಬೇಕು.

ಮುಖ್ಯ ಅಳತೆಗಳು ಹೀಗಿವೆ. ಮೊದಲನೆಯದು ನಿಜವಾದ ಅಳತೆ, ಎರಡನೆಯದು ಮಾದರಿಯ ಅಳತೆ.

ಬ್ರಾಡ್ ಗೇಜ್ ಹಳಿಗಳ ಅಂತರ: 1,676 ಮಿ.ಮೀ. — 16.8 ಮಿ.ಮೀ.
ಮೀಟರ್ ಗೇಜ್ ಹಳಿಗಳ ಅಂತರ: 1,000 ಮಿ.ಮೀ. — 10 ಮಿ.ಮೀ.
ಬ್ರಾಡ್ ಗೇಜಿನ ಸ್ಲೀಪರಿನ ಉದ್ದ: 2.75 ಮೀ. — 27.5 ಮಿ.ಮೀ.
ಮೀಟರ್ ಗೇಜಿನ ಸ್ಲೀಪರಿನ ಉದ್ದ: 1.83 ಮೀ. — 18.3 ಮಿ.ಮೀ.
ಬ್ರಾಡ್ ಗೇಜಿನ ಡಬ್ಬಿ: ಉದ್ದ 21.3 ಮೀ., ಅಗಲ 3.25 ಮೀ. — 21.3 ಸೆಂ.ಮೀ., 3.25 ಸೆಂ.ಮೀ.
ಮೀಟರ್ ಗೇಜಿನ ಡಬ್ಬಿ: ಉದ್ದ ಸುಮಾರು 19.5 ಮೀ., ಅಗಲ 2.74 ಮೀ. — 19.5 ಸೆಂ.ಮೀ., 2.7 ಸೆಂ.ಮೀ.

ಈ ಪಟ್ಟಿಯನ್ನು ಸುಮ್ಮನೆ ಓದಿ ಬಿಡಬೇಡಿರಿ. ಡಬ್ಬಿಯ ಅಗಲವನ್ನು ಹಳಿಯ ಅಂತರದಿಂದ ಭಾಗಿಸಿರಿ. ಬ್ರಾಡ್ ಗೇಜಿನಲ್ಲಿ ಡಬ್ಬಿಯು ಹಳಿಯ ಎರಡು ಪಟ್ಟಿಗಿಂತ ತುಸು ಕಡಿಮೆ. ಮೀಟರ್ ಗೇಜಿನಲ್ಲಿ ಎರಡೂ ಮುಕ್ಕಾಲು ಪಟ್ಟಿನಷ್ಟು. ಅಂದರೆ ಮೀಟರ್ ಗೇಜಿನ ಡಬ್ಬಿಯು ಚಿಕ್ಕ ಮಣೆಯ ಮೇಲೆ ಇಟ್ಟ ದೊಡ್ಡ ಪೆಟ್ಟಿಗೆಯಂತೆ ಎರಡೂ ಬದಿಗೆ ಹೊರಚಾಚಿರುತ್ತದೆ. ಆ ಗಾಡಿಗಳು ಹೊಯ್ದಾಡುತ್ತಿದ್ದುದಕ್ಕೂ, ಅವುಗಳ ವೇಗವನ್ನು ಕಡಿಮೆ ಇಡಬೇಕಾಗಿದ್ದುದಕ್ಕೂ ಇದು ಒಂದು ಕಾರಣ. ಮಾದರಿಯ ಎರಡು ಡಬ್ಬಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟರೆ ಇದು ಕಣ್ಣಿಗೇ ಕಾಣುವದು.

ಅಳತೆಗಳನ್ನು ತರುವ ಬಗೆ

ಹಳಿಯ ಮೇಲೆ ಇಳಿದು ಟೇಪು ಹಿಡಿಯುವ ಮಾತೇ ಬೇಡ. ಅದು ಪ್ರಾಣಕ್ಕೆ ಅಪಾಯ. 1989ರ ರೈಲ್ವೆ ಕಾಯದೆಯ ಪ್ರಕಾರ ಅಪರಾಧವೂ ಹೌದು. ಗುರುಗಳೊಡನೆ ಹೋಗಿ, ಸ್ಟೇಶನ್ ಮಾಸ್ತರರ ಅನುಮತಿ ಪಡೆದು, ಪ್ಲ್ಯಾಟಫಾರ್ಮಿನ ಮೇಲೆಯೇ ನಿಂತು ಅಳತೆಗಳನ್ನು ತರಬಹುದು.

ಉದ್ದವನ್ನು ಅಳೆಯಲು ನಿಂತ ಗಾಡಿಯೇ ಒಳ್ಳೆಯ ಫುಟಪಟ್ಟಿ. ಹಳೆಯ ಬಗೆಯ ಒಂದು ಡಬ್ಬಿಯು ಕೊಂಡಿಯ ಬಫರುಗಳನ್ನು ಹಿಡಿದು 22.3 ಮೀಟರಾಗುತ್ತದೆ. ಅಂಥ 20 ಡಬ್ಬಿಗಳು ನಿಂತರೆ 446 ಮೀಟರು. ಇಂದಿನ ಎಲ್.ಎಚ್.ಬಿ. ಡಬ್ಬಿ ಸುಮಾರು 24 ಮೀಟರು. ಅದನ್ನು ಬೇರೆಯಾಗಿ ಎಣಿಸಬೇಕು.

ಎತ್ತರಕ್ಕೆ ನೆರಳಿನ ಉಪಾಯ. ನೀರಿನ ಟಾಕಿಯ ಎತ್ತರ ಬೇಕೆಂದು ತಿಳಿಯಿರಿ. 1 ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳನ್ನು ಅಳೆಯಿರಿ. ಅದು 80 ಸೆಂ.ಮೀ. ಇದ್ದು, ಅದೇ ಹೊತ್ತಿಗೆ ಟಾಕಿಯ ನೆರಳು 7.2 ಮೀಟರು ಇದ್ದರೆ, ಟಾಕಿಯ ಎತ್ತರ 7.2 ÷ 0.8 = 9 ಮೀಟರು. ಮಾದರಿಯಲ್ಲಿ 9 ಸೆಂ.ಮೀ. ಇದು ರೇಖಾಗಣಿತದಲ್ಲಿ ಕಲಿಯುವ ಸಮರೂಪ ತ್ರಿಕೋನಗಳೇ.

ದಿಕ್ಕಿಗೆ ಭಾರತ ಸರ್ವೇಕ್ಷಣಾ ಇಲಾಖೆಯ 50,000ಕ್ಕೆ 1 ಪ್ರಮಾಣದ ನಕಾಶೆ ಉಪಯುಕ್ತ. ಅದರಲ್ಲಿ 2 ಸೆಂಟಿಮೀಟರು ಎಂದರೆ 1 ಕಿಲೋಮೀಟರು. ನಿಲ್ದಾಣದ ದಕ್ಷಿಣಕ್ಕೆ ನಿಂತು ಉತ್ತರಕ್ಕೆ ಮುಖ ಮಾಡಿದರೆ ಎಡಗಡೆಗೆ ಸೊಲ್ಲಾಪುರ, ಬಲಗಡೆಗೆ ಅಕ್ಕಲಕೋಟ ರೋಡ್ ಮತ್ತು ವಾಡಿ. ವಿಜಾಪುರದ ಹಳಿ ನೋಡುವವನ ಕಡೆಗೆ ತಿರುಗಿ ಬರುತ್ತದೆ.

ಏನು ಕುಗ್ಗುತ್ತದೆ, ಏನು ಕುಗ್ಗುವದಿಲ್ಲ?

ನೂರಕ್ಕೆ ಒಂದು ಎಂದೊಡನೆ ಎಲ್ಲವೂ ನೂರು ಪಟ್ಟು ಕುಗ್ಗಿತೆಂದು ತಿಳಿಯುವದು ಸಹಜ. ಅದು ಸರಿಯಲ್ಲ.

ಉದ್ದ ನೂರು ಪಟ್ಟು ಕುಗ್ಗಿದರೆ ಕ್ಷೇತ್ರಫಲ 100 × 100, ಅಂದರೆ ಹತ್ತು ಸಾವಿರ ಪಟ್ಟು ಕುಗ್ಗುತ್ತದೆ. ಘನಫಲ 100 × 100 × 100, ಅಂದರೆ ಹತ್ತು ಲಕ್ಷ ಪಟ್ಟು. ಅದೇ ಲೋಹದಿಂದ ಅದೇ ರೀತಿ ಮಾಡಿದರೆ, 40 ಟನ್ನಿನ ಡಬ್ಬಿಯು ಮಾದರಿಯಲ್ಲಿ 40 ಗ್ರಾಮು ಮಾತ್ರ ತೂಗುವದು. 50 ಕಿಲೋ ತೂಕದ ಮನುಷ್ಯನು 0.05 ಗ್ರಾಮು, ಎಂದರೆ ಎರಡು ಜೋಳದ ಕಾಳುಗಳಷ್ಟೂ ಇಲ್ಲ. ಮಾದರಿಯ ಗಾಡಿ ಹಳಿ ಬಿಟ್ಟು ಬೇಗ ಜಾರುವದು ಈ ಹಗುರತನದಿಂದ. ಆದ್ದರಿಂದ ಮಾದರಿ ಮಾಡುವವರು ಡಬ್ಬಿಯ ತಳದಲ್ಲಿ ಸ್ವಲ್ಪ ಭಾರವನ್ನು ಕೂಡಿಸುತ್ತಾರೆ.

ಏರುಪೇರು ಕುಗ್ಗುವದಿಲ್ಲ. ಹಳಿಯು 100 ಮೀಟರಿಗೆ 1 ಮೀಟರು ಏರುತ್ತಿದ್ದರೆ ಮಾದರಿಯಲ್ಲಿ 100 ಸೆಂಟಿಮೀಟರಿಗೆ 1 ಸೆಂಟಿಮೀಟರು ಏರಬೇಕು. ಪ್ರಮಾಣ ಅದೇ. ಕೋನಗಳೂ ಹಾಗೆಯೇ.

ಕಾಲವೂ ಕುಗ್ಗುವದಿಲ್ಲ. ತಾಸಿಗೆ 60 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 16.7 ಮೀಟರು ಹೋಗುತ್ತದೆ; ಮಾದರಿಯಲ್ಲಿ ಅದು ಸೆಕೆಂಡಿಗೆ 16.7 ಸೆಂಟಿಮೀಟರು. ನಿಜವಾದ ಗಾಡಿ 600 ಮೀಟರು ದಾಟಲು 36 ಸೆಕೆಂಡು ತೆಗೆದುಕೊಂಡರೆ, ಮಾದರಿಯ ಗಾಡಿಯೂ 6 ಮೀಟರು ದಾಟಲು 36 ಸೆಕೆಂಡು ತೆಗೆದುಕೊಳ್ಳಬೇಕು. ಆಟಿಗೆಯ ರೈಲು ಸರ್ರನೆ ಓಡುತ್ತದೆ. ಮಾದರಿಯ ರೈಲು ಸಾವಕಾಶವಾಗಿ ಹೋಗುತ್ತದೆ.

ಇನ್ನು ತಿರುವುಗಳ ಮಾತು. ನಮ್ಮ ರೈಲ್ವೆಯಲ್ಲಿ ಬ್ರಾಡ್ ಗೇಜಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರು, ಮೀಟರ್ ಗೇಜಿನದು 109 ಮೀಟರು. ಮಾದರಿಯಲ್ಲಿ 175 ಮತ್ತು 109 ಸೆಂಟಿಮೀಟರು. ಬ್ರಾಡ್ ಗೇಜಿನ ಅರ್ಧ ವರ್ತುಲಕ್ಕೇ ಮೂರೂವರೆ ಮೀಟರ್ ಅಗಲ ಬೇಕು. ಆದ್ದರಿಂದ ಗಾಡಿ ಸುತ್ತು ಹೊಡೆಯುವ ಆಸೆಯನ್ನು ಬಿಡೋಣ. ನಮ್ಮ ಹಳಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲಿ. ಹೋಟಗಿಯಲ್ಲಿಯೂ ಅದು ಹಾಗೆಯೇ ಇದೆ. ಗುಡ್ಡಗಾಡಿನಲ್ಲಿ ಮೀಟರ್ ಗೇಜ್ ಅಗ್ಗವಾಗಿ ಬೀಳಲು ಕಾರಣವೇನೆಂಬುದೂ ಈ ಎರಡು ಅಂಕಿಗಳಿಂದ ತಿಳಿಯುವದು.

ಕಟ್ಟುವ ಕೆಲಸ

120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ನಾಲ್ಕು ಹಲಗೆಗಳನ್ನು ಸಾಲಾಗಿ ಜೋಡಿಸಿದರೆ 480 ಸೆಂ.ಮೀ. ಆಗುತ್ತದೆ, ಅಂದರೆ ನಿಜದ 480 ಮೀಟರು. ಇದು ಒಂದು ಪ್ಲ್ಯಾಟಫಾರ್ಮಿನ ಉದ್ದಕ್ಕೆ ಸಾಕು. ಇಡೀ ದಾರಿಯನ್ನು ಮಾಡಹೊರಟರೆ ವಿಜಾಪುರವು ಸುಮಾರು ಒಂದು ಕಿಲೋಮೀಟರಿನಾಚೆ ಬಂದೀತು! ಆದ್ದರಿಂದ ನಿಲ್ದಾಣವಷ್ಟೇ ನಮ್ಮ ಗುರಿ.

ಹಳಿ: ಬ್ರಾಡ್ ಗೇಜಿಗೆ 1.5 ಮಿ.ಮೀ., ಮೀಟರ್ ಗೇಜಿಗೆ 1 ಮಿ.ಮೀ. ದಪ್ಪದ ತಂತಿ. ಆಗಿನ ಹಳಿಗಳ ಎತ್ತರ ಸುಮಾರಾಗಿ 14 ಮತ್ತು 11 ಸೆಂಟಿಮೀಟರಿದ್ದುದರಿಂದ ಇದು ಸರಿಹೋಗುತ್ತದೆ.

ಸ್ಲೀಪರು: ಮನೆಯಲ್ಲಿ ಉರಿಸಿ ಎಸೆಯುವ ಬೆಂಕಿಕಡ್ಡಿಗಳನ್ನು ಕೂಡಿಹಾಕಿರಿ. ಕಡ್ಡಿಯ ಅಗಲ ಸುಮಾರು 2 ಮಿ.ಮೀ.; ಮೀಟರ್ ಗೇಜಿನ ಮರದ ಸ್ಲೀಪರಿನ ಅಗಲ 20 ಸೆಂಟಿಮೀಟರು. ಅಳತೆ ತಾನಾಗಿಯೇ ಕೂಡಿತು! ಸುಟ್ಟ ತುದಿಯನ್ನು ತೆಗೆದು 18 ಮಿ.ಮೀ. ಉದ್ದಕ್ಕೆ ಕತ್ತರಿಸಿದರಾಯಿತು. ಬ್ರಾಡ್ ಗೇಜಿಗೆ ರಟ್ಟಿನಿಂದ 27.5 ಮಿ.ಮೀ. ಉದ್ದ, 2.5 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿರಿ. ಆರೂವರೆ ಮಿಲಿಮೀಟರಿಗೆ ಒಂದರಂತೆ ಡಿಂಕಿನಿಂದ ಅಂಟಿಸಬೇಕು. 480 ಸೆಂ.ಮೀ.ಗೆ ಒಂದೊಂದು ಹಳಿಗೂ 740ರಷ್ಟು ಬೇಕಾಗುತ್ತವೆ. ಒಬ್ಬನಿಗೆ ಇದು ಬೇಸರದ ಕೆಲಸ. ಹತ್ತು ಜನ ಕೂಡಿದರೆ ಎರಡು ಸಂಜೆಯ ಕೆಲಸ.

ಖಡಿ: ಹಳಿಯ ಕೆಳಗಿನ ಕಲ್ಲು ಸುಮಾರು 50 ಮಿ.ಮೀ. ಇರುತ್ತದೆ. ನೂರರಿಂದ ಭಾಗಿಸಿದರೆ ಅರ್ಧ ಮಿಲಿಮೀಟರು. ಸಾಣಿಸಿದ ಉಸುಕು ಅದೇ ಅಳತೆಯದು.

ನೆಲ: ಬಣ್ಣ ಕೊಳ್ಳುವದು ಬೇಡ. ನಮ್ಮ ಹೊಲದ ಎರೆಮಣ್ಣನ್ನೇ ಒಣಗಿಸಿ, ವಸ್ತ್ರಗಾಳಿಸಿ ಡಿಂಕಿನ ಮೇಲೆ ಉದುರಿಸಿರಿ. ಎರಡು ಮೀಟರು ಬೆಳೆದ ಜೋಳವು ಮಾದರಿಯಲ್ಲಿ 2 ಸೆಂ.ಮೀ.; ಹಳೆಯ ಕಸಬರಿಗೆಯ ತುದಿಗಳು ಇದಕ್ಕೆ ಒಳ್ಳೆಯವು. ಬೇವು, ಜಾಲಿಗಳನ್ನು ಬಿಟ್ಟು ತೆಂಗು, ಅಡಿಕೆ ನೆಟ್ಟರೆ ಅದು ನಮ್ಮ ಸೀಮೆಯಾಗಲಾರದು.

ಕಟ್ಟಡ ಮತ್ತು ಡಬ್ಬಿಗಳನ್ನು ರಟ್ಟಿನಿಂದ ಮಾಡಬಹುದು. ಬಾಗಿಲು ನಿಜವಾಗಿ 2 ಮೀಟರ್ ಎತ್ತರವಿದ್ದರೆ ಮಾದರಿಯಲ್ಲಿ 2 ಸೆಂ.ಮೀ. ಬಾಗಿಲು ತಪ್ಪಿದರೆ ಕಟ್ಟಡವೆಲ್ಲ ತಪ್ಪಿದಂತೆ ಕಾಣುತ್ತದೆ. ಏಕೆಂದರೆ ನೋಡುವವನ ಕಣ್ಣು ಮನುಷ್ಯನ ಎತ್ತರದಿಂದಲೇ ಎಲ್ಲವನ್ನೂ ಅಳೆಯುತ್ತದೆ.

ಚೀಲದ ಲೆಕ್ಕ

ಮಾದರಿ ಮುಗಿದ ಮೇಲೆ ಬ್ರಾಡ್ ಗೇಜಿನ ಒಂದು ವ್ಯಾಗನ್ನು, ಮೀಟರ್ ಗೇಜಿನ ಒಂದು ವ್ಯಾಗನ್ನು ಇವನ್ನು ಎದುರುಬದುರಾಗಿ ನಿಲ್ಲಿಸಿರಿ. ಅವುಗಳ ಹಳಿಗಳ ಅಗಲದ ವ್ಯತ್ಯಾಸ ಈಗ 7 ಮಿಲಿಮೀಟರಿಗೂ ಕಡಿಮೆ. ಒಂದು ಕಿರುಬೆರಳಿನಷ್ಟೂ ಇಲ್ಲ. ಇಷ್ಟಕ್ಕಾಗಿ ಎಷ್ಟು ದುಡಿಯಬೇಕಾಗುತ್ತಿತ್ತೆಂಬುದನ್ನು ಲೆಕ್ಕ ಮಾಡೋಣ.

ಒಂದು ವ್ಯಾಗನ್ನಿನಲ್ಲಿ 20 ಟನ್ನು ಜೋಳ ಇದೆಯೆಂದು ಇಟ್ಟುಕೊಳ್ಳಿರಿ. ಚೀಲ ಒಂದಕ್ಕೆ 100 ಕಿಲೋ ಹಿಡಿದರೆ 200 ಚೀಲಗಳು. ಗಾಡಿಗೆ ಇಂಥ 30 ವ್ಯಾಗನ್ನುಗಳಿದ್ದರೆ 6,000 ಚೀಲಗಳು. ಒಬ್ಬ ಹಮಾಲನು ನಿಮಿಷಕ್ಕೆ ಒಂದು ಚೀಲದಂತೆ ಹೊತ್ತು ಹಾಕಿದರೆ 6,000 ನಿಮಿಷ, ಅಂದರೆ 100 ತಾಸು. 20 ಜನ ಹಮಾಲರಿದ್ದರೂ ಪೂರ್ತಿ 5 ತಾಸು. ಅದೂ ನಡುವೆ ಯಾರೂ ಬೆನ್ನು ನೆಟ್ಟಗೆ ಮಾಡದಿದ್ದರೆ. ಒಬ್ಬೊಬ್ಬನ ಪಾಲಿಗೆ 300 ಚೀಲ, 30 ಟನ್ನು. ಬರಗಾಲದಲ್ಲಿ ಬೇಗ ಧಾನ್ಯ ಮುಟ್ಟಿಸುವದಕ್ಕೆಂದು ಹಾಕಿದ ದಾರಿಯ ಬಾಗಿಲಲ್ಲಿಯೇ ಈ ತಡೆ ಇತ್ತು. ಹಳಿ ಹಾಕುವಾಗ ಉಳಿಸಿದ ಹಣವನ್ನು ನೂರು ವರ್ಷಕ್ಕೂ ಮಿಕ್ಕಿ ಬೇರೆಯವರ ಬೆನ್ನುಗಳು ತೀರಿಸಿದವು.

ಆದ್ದರಿಂದ ಮಾದರಿಯ ಹೋಟಗಿಯಲ್ಲಿ ಎಂಜಿನ್ನು ಇಲ್ಲದಿದ್ದರೂ ನಡೆದೀತು, ಹಮಾಲರು ಇರಲೇಬೇಕು. ಒಂದೂವರೆ ಸೆಂಟಿಮೀಟರ್ ಎತ್ತರದ ಆ ಗೊಂಬೆಗಳನ್ನು ಜೇಡಿಮಣ್ಣಿನಿಂದ ಮಾಡಿ, ಪ್ರತಿಯೊಂದರ ಬೆನ್ನಿಗೆ ಒಂದು ಚೀಲವನ್ನು ಅಂಟಿಸಿರಿ.

ಪಾಲಕರಲ್ಲಿ ಬಿನ್ನಹ

ಹಳಿಯ ಅಗಲ, ಡಬ್ಬಿಯ ಉದ್ದ ಇವು ಪುಸ್ತಕದಲ್ಲಿ ಸಿಗುತ್ತವೆ. ಆದರೆ ಮೀಟರ್ ಗೇಜಿನ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಚಹಾದ ಅಂಗಡಿ ಯಾವ ಕಡೆಗಿತ್ತು, ರಾತ್ರಿ ಗಾಡಿ ಬದಲಿಸುವಾಗ ಮಕ್ಕಳನ್ನು ಎಲ್ಲಿ ಮಲಗಿಸುತ್ತಿದ್ದರು ಇವು ಪುಸ್ತಕದಲ್ಲಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರ ನೆನಪಿನಲ್ಲಿವೆ. ವಿಜಾಪುರ, ಇಂಡಿ, ಬಾಗಲಕೋಟೆಗಳಲ್ಲಿ ಬೀಗರಿದ್ದ ಎಷ್ಟೋ ಮನೆತನದವರು ಆ ಗಾಡಿಯಲ್ಲಿಯೇ ಓಡಾಡಿದವರು. ಮಕ್ಕಳು ವಹಿ ಹಿಡಿದು ಕೇಳಲು ಬಂದರೆ ‘ಅಭ್ಯಾಸ ಬಿಟ್ಟು ಇದೇನು’ ಎಂದು ಗದರಿಸಬೇಡಿರಿ. ಇಬ್ಬರ ನೆನಪು ಬೇರೆ ಬೇರೆಯಾದರೆ ಎರಡನ್ನೂ ಬರೆಯಿಸಿರಿ. ಹಳೆಯ ಮದುವೆಯ ಫೋಟೋಗಳ ಹಿಂದೆ ಎಲ್ಲಿಯಾದರೂ ಸ್ಟೇಶನ್ನು ಕಂಡರೆ ತೋರಿಸಿರಿ. ಹಳಿಯನ್ನು ಕಿತ್ತಾಗಿದೆ, ಕೇಳುವ ಅವಕಾಶವೂ ಬಹಳ ದಿನ ಇರುವದಿಲ್ಲ.

ಅನುಕೂಲವಿದ್ದವರು ಪುಣೆಗೆ ಹೋದಾಗ ಕೋಥರೂಡದಲ್ಲಿರುವ ಜೋಶಿಯವರ ಚಿಕ್ಕ ರೈಲುಗಳ ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಬಹುದು. 1998ರಲ್ಲಿ ತೆರೆದ ಅಲ್ಲಿ 87ಕ್ಕೆ 1 ಪ್ರಮಾಣದ ಗಾಡಿಗಳು ಓಡುತ್ತವೆ. ನಿಜವಾದ ಮೀಟರ್ ಗೇಜ್ ಎಂಜಿನ್ನನ್ನು ಮುಟ್ಟಿ ನೋಡಬೇಕೆನ್ನುವವರಿಗೆ 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವಿದೆ.

ಅಭ್ಯಾಸ

1. ನಿಮ್ಮ ವರ್ಗದ ಕೋಣೆಯನ್ನು ಅಳೆದು, 100ಕ್ಕೆ 1 ಪ್ರಮಾಣದ ನಕಾಶೆಯನ್ನು ಬರೆಯಿರಿ.
2. ಭೀಮಾ ನದಿಯ ಸೇತುವೆಯ ಒಂದು ಕಂಬ 12 ಮೀಟರ್ ಎತ್ತರವಿದೆಯೆಂದು ಹಿಡಿದರೆ ಮಾದರಿಯಲ್ಲಿ ಎಷ್ಟು? ನಿಜವಾದ ಕಂಬಕ್ಕೆ 200 ಘನ ಮೀಟರು ಕಲ್ಲು ಬೇಕಾದರೆ ಮಾದರಿಯ ಕಂಬಕ್ಕೆ ಎಷ್ಟು ಘನ ಸೆಂಟಿಮೀಟರು ಬೇಕು?
3. ತಾಸಿಗೆ 45 ಕಿ.ಮೀ. ಹೋಗುವ ಮೀಟರ್ ಗೇಜಿನ ಗಾಡಿಯು ನಮ್ಮ 480 ಸೆಂ.ಮೀ. ಮಾದರಿಯನ್ನು ಎಷ್ಟು ಸೆಕೆಂಡಿನಲ್ಲಿ ದಾಟಬೇಕು?
4. ಹೋಟಗಿಯಲ್ಲಿ ಗಾಡಿ ಬದಲಿಸಿದ ಹಿರಿಯರೊಬ್ಬರನ್ನು ಕಂಡು, ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಒಂದು ಪುಟದಷ್ಟು ಬರೆಯಿರಿ. ಯಾವ ವರ್ಷದ ಮಾತೆಂಬುದನ್ನು ಮೇಲೆ ನಮೂದಿಸಿರಿ.